ಬೆನ್ನು ತಿರುಗಿಸಿ ಕೂಡ್ರಲು ಜಾಗ ಕೋರಿ

ಬೈಲಹೊಂಗಲ
೧೨ ಏಪ್ರಿಲ್ ೨೦೦೫

ಶ್ರೀ ಸಮೀರ ಅವರ ಸನ್ನಿಧಿಗೆ,
ಕಟ್ಟಡಗಳ ಒಳಹೊರಗಿನ ಸಾಮಾಜಿಕ ಸ್ಥಳಗಳ ವಿನ್ಯಾಸಕಾರರು, ಬೆಳಗಾವಿ.

ಮಾನ್ಯರೇ,

ತಾವೂ ತಮ್ಮ ಕಚೇರಿಯವರೂ ತಮ್ಮ ಅಳತೆಪಟ್ಟಿಗಳೂ ಸುಖವಾಗಿರಲೆಂದು ಹಾರೈಸಿ, ಬಸ್ ನಿಲ್ದಾಣದ ರಸ್ತೆಯಲ್ಲಿರುವ ಸಮೃದ್ಧಿ ವಾಣಿಜ್ಯ ಸಂಕೀರ್ಣದ ಇಪ್ಪತ್ನಾಲ್ಕು ಬಾಡಿಗೆದಾರರಲ್ಲಿ ಒಬ್ಬನೂ, ಮೊದಲ ಮಹಡಿಯ ಹನ್ನೊಂದನೇ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸುವವನೂ ಆದ ನಾನು, ತಮ್ಮ ಅಮೂಲ್ಯ ಸಮಯದಲ್ಲಿ ಒಂದಿಷ್ಟನ್ನು ಬೇಡಿಕೊಂಡು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ವಿಷಯ ಸಣ್ಣದು. ಇದೇ ಸಂಕೀರ್ಣದ ಕೆಳಗಿನ ಮೂರನೇ ಕೋಣೆಯಲ್ಲಿ ದಸ್ತಾವೇಜು ಬರೆಯುವ ನನ್ನ ಅಣ್ಣ ನಿಜಗುಣಪ್ಪನವರು ಈ ತಿಂಗಳ ಮೂವತ್ತಕ್ಕೆ ಕೋಣೆ ಖಾಲಿ ಮಾಡಿ ಸವದತ್ತಿಯ ಮಗಳ ಮನೆಗೆ ಹೊರಟಿದ್ದಾರೆ. ಅವರು ಹೋಗುವುದರೊಳಗೆ ನಾನು ಅವರಿಗೆ ಒಂದು ಮಾತು ಹೇಳಬೇಕಾಗಿದೆ. ಆದರೆ ನಾವೆಲ್ಲ ಪರಸ್ಪರ ಮಾತನಾಡಲಿ ಎಂದೇ ತಾವು ಒಳಗೊಂದು ಹೊರಗೊಂದು ಸುಂದರ ಸ್ಥಳ ನಿರ್ಮಿಸಿಕೊಟ್ಟ ದಿನದಿಂದ, ಅವರೊಂದಿಗೆ ಮಾತನಾಡಲು ಈ ಕಟ್ಟಡದಲ್ಲಿ ನನಗೆ ಜಾಗವೇ ಇಲ್ಲದಂತಾಗಿದೆ.

ಇದನ್ನು ದೂರು ಎಂದು ತಾವು ದಯವಿಟ್ಟು ತಿಳಿಯಬಾರದು. ತಾವು ಬರುವ ಮೊದಲು ನಮ್ಮಲ್ಲಿ 'ಸಾಮಾಜಿಕ ಸ್ಥಳ' ಎಂಬುದೇ ಇರಲಿಲ್ಲವೆಂಬುದು ತಮ್ಮ ವರದಿಯನ್ನು ಓದಿದ ಮೇಲೆಯೇ ನಮಗೆ ಗೊತ್ತಾದದ್ದು. ಜನರು ಅಂಗಳದ ಬೇವಿನ ಗಿಡದ ಕಟ್ಟೆಯ ಮೇಲೆ, ಮೆಟ್ಟಿಲುಗಳ ಮೇಲೆ, ಬೀಜದಂಗಡಿಯ ಚೀಲಗಳ ಮೇಲೆ, ಎಲ್ಲೆಂದರಲ್ಲಿ ಕುಳಿತು, ಯಾವ ವಿನ್ಯಾಸವೂ ಇಲ್ಲದೆ ಮಾತನಾಡುತ್ತಿದ್ದರು. ಹದಿನಾರು ವರ್ಷ ನಾವು ಹೀಗೆ ಅಜ್ಞಾನದಲ್ಲಿ ಕಳೆದೆವು. ಸಂಕೀರ್ಣದ ಆಡಳಿತ ಸಮಿತಿಯವರು ತಮ್ಮನ್ನು ಕರೆಸಿದ್ದು ನಮ್ಮ ಪೂರ್ವಜನ್ಮದ ಪುಣ್ಯವೆಂದೇ ಹೇಳಬೇಕು.

ಮೊದಲು ಒಳಗಿನ ಸ್ಥಳದ ಬಗ್ಗೆ ನಿವೇದಿಸುತ್ತೇನೆ. ಮೊದಲ ಮಹಡಿಯ ಪಡಸಾಲೆಗೆ ಸುತ್ತಲೂ ಗಾಜು ಕಟ್ಟಿಸಿ, ಮುಖ ಕಾಣುವಷ್ಟು ನುಣುಪಾದ ನೆಲ ಹಾಕಿಸಿ, ನಡುವೆ ದುಂಡು ಮೇಜು, ಸುತ್ತ ತಿರುಗುವ ಕುರ್ಚಿಗಳನ್ನಿಟ್ಟು, ಬಾಗಿಲ ಮೇಲೆ 'ಮುಕ್ತ ಸಂವಾದ ಕೊಠಡಿ' ಎಂದು ಬರೆಸಿದಿರಿ. ಅದರ ಅಂದಕ್ಕೆ ನಾವು ಎಷ್ಟು ಬೆರಗಾದೆವೆಂದರೆ ಇಂದಿನವರೆಗೂ ಯಾರೂ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಿಲ್ಲ. ಚಪ್ಪಲಿ ಬಿಟ್ಟು ಹೋದವರೂ ಕಡಿಮೆ. ಸಂಗೊಳ್ಳಿಯಿಂದ ಹೊಲದ ಕಾಗದ ಮಾಡಿಸಲು ಬಂದಿದ್ದ ಕೆಂಪವ್ವ ಎಂಬ ಹಿರಿಯರೊಬ್ಬರು ಒಮ್ಮೆ ಧೈರ್ಯ ಮಾಡಿ ಒಳಗೆ ಹೋಗಿ, ಕುರ್ಚಿ ತಿರುಗಿದ್ದಕ್ಕೆ ಗಾಬರಿಯಾಗಿ ನೆಲದ ಮೇಲೆಯೇ ಕುಳಿತು, ಎರಡು ತಾಸು ಕಾದು ಹೊರಬಂದು, "ಡಾಕ್ಟರ್ ಇವತ್ತ ಬರೂದಿಲ್ಲೇನ್ರಿ?" ಎಂದು ನನ್ನನ್ನು ಕೇಳಿದರು. ಬರುವುದಿಲ್ಲವೆಂದು ಹೇಳಿದೆ. "ಇರ್ಲಿ ಬಿಡ್ರಿ, ನೆಲ ತಂಪ ಐತಿ, ಮೊಣಕಾಲ ನೋವು ಒಂಚೂರು ಕಡಿಮಿ ಆತು" ಎಂದು ಹೇಳಿ ಸಮಾಧಾನದಿಂದಲೇ ಬಸ್ಸು ಹತ್ತಿದರು. ಆ ಕೊಠಡಿಯಿಂದ ಈವರೆಗೆ ಒಬ್ಬರಿಗೆ ಗುಣವಾಗಿರುವುದನ್ನು ತಾವು ತಮ್ಮ ಮುಂದಿನ ವರದಿಯಲ್ಲಿ ಅವಶ್ಯ ಸೇರಿಸಿಕೊಳ್ಳಬಹುದು.

ಅದೇ ಕೊಠಡಿಯ ಮೂಲೆಯಲ್ಲಿರುವ ಚಹಾ ಯಂತ್ರವನ್ನೂ ಹೊಗಳದೆ ಮುಂದೆ ಹೋಗಲಾರೆ. ಅದಕ್ಕೆ ಚಹಾ, ಕಾಫಿ, ಬಾದಾಮಿ ಹಾಲು ಎಂದು ಮೂರು ಗುಂಡಿಗಳಿದ್ದು, ಯಾವುದನ್ನು ಒತ್ತಿದರೂ ಬಿಸಿನೀರೇ ಬರುವುದರಿಂದ ಬಾಡಿಗೆದಾರರಲ್ಲಿ ಮೇಲು ಕೀಳೆಂಬ ಭೇದ ಅಳಿದಿದೆ. ಯಂತ್ರ ಬಂದ ವಾರವೇ, ಕಟ್ಟೆಯ ಮಗ್ಗುಲಲ್ಲಿ ಸ್ಟೋವು ಇಟ್ಟುಕೊಂಡು ಚಹಾ ಮಾಡುತ್ತಿದ್ದ ಬಾಯವ್ವನನ್ನು, ದೃಶ್ಯ ಸೌಂದರ್ಯಕ್ಕೆ ಅಡ್ಡಿ ಎಂಬ ಕಾರಣ ತೋರಿಸಿ, ಸಮಿತಿಯವರು ರಸ್ತೆಯ ಆಚೆಗೆ ಕಳಿಸಿದರು. ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತ ಅವಳು ನನ್ನ ಕಡೆ ನೋಡಿ, "ಹೋಗತೇನಿ ಬಿಡ್ರಿ ಮಾಸ್ತರ, ನನಗೇನ ಅಲ್ಲೂ ಗಿರಾಕಿ ಅದಾರ. ಆದ್ರ ನಿಮ್ಮ ಅಣ್ಣ ತಮ್ಮರ ಸುದ್ದಿ ಇನ್ನ ಯಾರು ಕೇಳೋರು?" ಎಂದಳು. ತಮಗೆ ಅರ್ಥವಾಗದ ಮಾತು ಇದು. ಅದನ್ನು ವಿವರಿಸುವುದಕ್ಕಾಗಿಯೇ ಈ ಪತ್ರ ಇಷ್ಟು ಉದ್ದವಾಗುತ್ತಿದೆ.

ಇನ್ನು ಹೊರಗಿನ ಸ್ಥಳ. ತಾವು ಬೇವಿನ ಗಿಡವನ್ನು ಕಡಿಸಲಿಲ್ಲ, ಇದಕ್ಕೆ ನಾವೆಲ್ಲ ಋಣಿಗಳು. ಕಟ್ಟೆಯನ್ನಷ್ಟೇ ಕೆಡವಿಸಿ, ಗಿಡದ ಸುತ್ತ ಹುಲ್ಲು ಬೆಳೆಸಿ, ಹುಲ್ಲಿನ ಮೇಲೆ ಕಾಲಿಡಬಾರದೆಂದು ಫಲಕ ಹಾಕಿಸಿ, ಇಪ್ಪತ್ತು ಅಡಿ ದೂರದಲ್ಲಿ ಸಿಮೆಂಟಿನ ಎರಡು ಬೆಂಚುಗಳನ್ನು ಎದುರುಬದುರಾಗಿ ನೆಲಕ್ಕೆ ಹುಗಿಸಿದಿರಿ. ಹೀಗಾಗಿ ಗಿಡದ ನೆರಳು ದಿನವಿಡೀ ಹುಲ್ಲಿಗೆ ದೊರೆಯುತ್ತದೆ, ಬಿಸಿಲು ನಮಗೆ. ಚೈತ್ರದ ಈ ದಿನಗಳಲ್ಲಿ ಮಧ್ಯಾಹ್ನ ಆ ಬೆಂಚಿನ ಮೇಲೆ ರೊಟ್ಟಿ ತಟ್ಟಿ ಹಾಕಿದರೆ ಬೇಯುತ್ತದೆಂದು ಬೀಜದಂಗಡಿಯ ಹನುಮಪ್ಪ ಹೇಳುತ್ತಾನೆ. ನಾನು ಅದನ್ನು ಪರೀಕ್ಷಿಸಿಲ್ಲವಾದ್ದರಿಂದ ಆರೋಪವಾಗಿ ಬರೆಯುತ್ತಿಲ್ಲ. ಎದುರುಬದುರಾಗಿ ಕುಳಿತವರ ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಅಂತರವನ್ನು ತಾವು ಬಿಟ್ಟಿದ್ದು, ಜನರನ್ನು ಹತ್ತಿರ ತರುವ ತಮ್ಮ ಉದ್ದೇಶಕ್ಕೆ ಸಾಕ್ಷಿಯಾಗಿದೆ.

ತಮ್ಮ ವರದಿಯಲ್ಲಿ ಹಳೆಯ ಕಟ್ಟೆಯನ್ನು ಕುರಿತು 'ದುಂಡಗಿನ ರಚನೆಯಿಂದಾಗಿ ಕುಳಿತವರು ಪರಸ್ಪರ ಬೆನ್ನು ಮಾಡುತ್ತಾರೆ. ಮುಖಾಮುಖಿ ಸಂವಾದಕ್ಕೆ ಅವಕಾಶವಿಲ್ಲ' ಎಂದು ಬರೆದಿದ್ದೀರಿ. ಒಂದು ಅಕ್ಷರವೂ ಸುಳ್ಳಲ್ಲ. ಆದರೆ ನಮ್ಮ ಕಡೆ ಮನುಷ್ಯರು ಆಗಾಗ ಮಾತು ಬಿಡುತ್ತಾರೆ. ಹೊಲದ ಬದುವಿಗಾಗಿ, ಮದುವೆಯ ಪಂಕ್ತಿಯಲ್ಲಿ ಮೊದಲು ಯಾರಿಗೆ ಬಡಿಸಿದರು ಎಂಬುದಕ್ಕಾಗಿ, ಕೆಲವೊಮ್ಮೆ ಕಾರಣ ಮರೆತುಹೋದ ಮೇಲೂ ಬಿಟ್ಟಿರುತ್ತಾರೆ. ಮಾತು ಬಿಟ್ಟವರು ಮುಖ ನೋಡುವಂತಿಲ್ಲ. ಆದರೆ ಬದುಕು ನಡೆಯಬೇಕಲ್ಲ, ಸುದ್ದಿ ಮುಟ್ಟಬೇಕಲ್ಲ. ಅಂಥವರು ಗಿಡದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬೆನ್ನಾನಿಸಿ ಕುಳಿತು, ತಮಗೆ ಬೇಕಾದದ್ದನ್ನು ಬಾಯವ್ವನಿಗೆ ಗಟ್ಟಿಯಾಗಿ ಹೇಳುತ್ತಿದ್ದರು. ಅವಳು ಅದನ್ನು ಯಾರಿಗೂ ಮುಟ್ಟಿಸಬೇಕಾಗಿರಲಿಲ್ಲ, ಚಹಾ ಸೋಸುತ್ತ ಹೂಂಗುಟ್ಟಿದರೆ ಸಾಕಾಗಿತ್ತು. ಹದಿನೇಳನೇ ಕೋಣೆಯ ವಕೀಲರಾದ ಕೃಷ್ಣಾಜಿಯವರು ತಮ್ಮ ಕಕ್ಷಿದಾರರನ್ನೂ ಎದುರು ಕಕ್ಷಿಯವರನ್ನೂ ಮೊದಲು ಅಲ್ಲಿಯೇ ಕೂಡ್ರಿಸುತ್ತಿದ್ದರು. "ಮಾರಿ ನೋಡಿದ್ರ ಸಿಟ್ಟು ಬರ್ತದ, ಗಿಡದ ಹಿಂದ ಕೂತ್ರ ಬುದ್ಧಿ ಬರ್ತದ" ಎಂಬುದು ಅವರ ಮೂವತ್ತು ವರ್ಷದ ವಕೀಲಿಯ ಅನುಭವ. ಕಟ್ಟೆ ಹೋದ ಮೇಲೆ ಅವರ ವಕೀಲಿ ಭರ್ಜರಿಯಾಗಿ ನಡೆದಿದೆ, ಅವರು ತಮಗೆ ಬೇರೆಯಾಗಿಯೇ ಧನ್ಯವಾದ ತಿಳಿಸಬಹುದು.

ನಾನೂ ನನ್ನ ಅಣ್ಣನೂ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದೇವೆ. ಕಾರಣ ನನಗೆ ಮರೆತಿಲ್ಲ. ೧೯೯೪ರ ಮೇ ತಿಂಗಳಲ್ಲಿ ನನ್ನ ಮಗಳು ಗಂಗಾಳ ಮದುವೆಯಾಯಿತು. ಲಗ್ನಪತ್ರಿಕೆಯ ಒಕ್ಕಣೆಯನ್ನು ನಾನೇ ಟೈಪು ಮಾಡಿ ಮುದ್ರಣಾಲಯಕ್ಕೆ ಕೊಟ್ಟೆ. ತಾಲೂಕಿನ ಅರ್ಧ ಊರಿನವರ ಪತ್ರಿಕೆಗಳನ್ನು ತಿದ್ದಿಕೊಟ್ಟವನು ನಾನು. ವಿದ್ಯಾರ್ಥಿಗಳಿಗೆ 'ಸಾಲು ಹಾರಬೇಡಿ, ಬೆರಳಿಗಿಂತ ಕಣ್ಣು ಮುಂದಿರಲಿ' ಎಂದು ದಿನವೂ ಹೇಳುವವನು. ಮಗಳ ಮದುವೆಯ ಗಡಿಬಿಡಿಯಲ್ಲಿ ನಾನೇ ಒಂದು ಸಾಲು ಹಾರಿದೆ. ಆಗಮನ ಬಯಸುವವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಬರಬೇಕಾಗಿದ್ದ ಮನೆಯ ಹಿರಿಯನ ಹೆಸರು, ನನ್ನನ್ನು ಸೈಕಲ್ಲಿನ ಮೇಲೆ ಕೂಡ್ರಿಸಿಕೊಂಡು ನಮ್ಮೂರು ಚಚಡಿಯಿಂದ ಸಾಲೆಗೆ ಬಿಟ್ಟು ಬರುತ್ತಿದ್ದ ಅಣ್ಣನ ಹೆಸರು, ಪತ್ರಿಕೆಯಲ್ಲಿ ಎಲ್ಲಿಯೂ ಇರಲಿಲ್ಲ. ಪತ್ರಿಕೆ ಊರೆಲ್ಲ ಹಂಚಿದ ಮೇಲೆಯೇ ನನಗೆ ತಿಳಿದದ್ದು.

ದಸ್ತಾವೇಜು ಬರೆಯುವವರಿಗೆ ಹೆಸರು ಬಿಡುವುದೆಂದರೆ ಏನೆಂಬುದು ತಮಗೆ ತಿಳಿದಿರಲಾರದು. ಕಾಗದದಲ್ಲಿ ಹೆಸರಿಲ್ಲದವನಿಗೆ ಹೊಲದಲ್ಲಿ ಹೆಜ್ಜೆಯಿಡುವ ಹಕ್ಕಿಲ್ಲ ಎಂದು ಕಕ್ಷಿದಾರರಿಗೆ ಹೇಳುತ್ತಲೇ ನನ್ನ ಅಣ್ಣ ಆಯುಷ್ಯ ಕಳೆದಿದ್ದಾರೆ. ಆದರೂ ಅವರು ಮದುವೆಗೆ ಬಂದರು, ಬೀಗರ ಕಡೆಯ ಸಾಲಿನಲ್ಲಿ ಕುಳಿತರು, ಅಕ್ಷತೆ ಹಾಕಿದರು, ಊಟ ಮಾಡಿದರು. ಆಗಲಾದರೂ ನಾನು ಕಾಲಿಗೆ ಬಿದ್ದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಮಾಡಿದ್ದೇನೆಂದರೆ, ನಾಲ್ಕು ಜನರ ಮುಂದೆ, "ಅದು ಅಚ್ಚಿನವರ ತಪ್ಪರಿ, ನಾ ಬರದು ಕೊಟ್ಟಿದ್ದೆ" ಎಂದು ಹೇಳಿದ್ದು. ಮರುದಿನ ಅವರು ಮುದ್ರಣಾಲಯಕ್ಕೆ ಹೋಗಿ ನಾನು ಟೈಪು ಮಾಡಿಕೊಟ್ಟ ಹಾಳೆಯನ್ನೇ ತೆಗೆಸಿ ನೋಡಿ ಬಂದರು. ಅಂದಿನಿಂದ ಅವರು ನನ್ನ ಮುಖ ನೋಡಿಲ್ಲ, ನೋಡದಿದ್ದದ್ದು ತಪ್ಪೆಂದು ನಾನೂ ಹೇಳುವುದಿಲ್ಲ.

ಆದರೂ ಮುಂಜಾನೆ ಹನ್ನೊಂದಕ್ಕೆ ಮತ್ತು ಸಂಜೆ ನಾಲ್ಕಕ್ಕೆ ನಾವಿಬ್ಬರೂ ಕಟ್ಟೆಗೆ ಬರುತ್ತಿದ್ದೆವು. ಮೊದಲ ಒಂದು ವರ್ಷ ಬರೀ ಚಹಾ. ಆಮೇಲೆ ಒಂದು ದಿನ ಗಿಡದ ಆ ಕಡೆಯಿಂದ, "ಬಾಯವ್ವಾ, ಚಚಡಿ ಬಾವಿಗೆ ಮತ್ತ ನೀರು ಬಂದಾವಂತ, ಕೇಳೋರು ಕೇಳ್ಲಿ" ಎಂಬ ಧ್ವನಿ ಬಂತು. ಬಾವಿ ನಮ್ಮಿಬ್ಬರದು. ಗಂಗಾಳ ಹೆರಿಗೆಯಾದಾಗ ನಾನು, "ಬಾಯವ್ವಾ, ಗಂಡು ಹುಟ್ಟೈತಿ, ತಾಯಿ ಮಗು ಆರಾಮ ಅದಾರ" ಎಂದೆ. ಆ ಕಡೆ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಬಾಯವ್ವಾ, ಇವತ್ತ ಎಲ್ಲಾರ ಚಾಕ್ಕೂ ಸಕ್ಕರಿ ಒಂಚೂರು ಹೆಚ್ಚಿಗಿ ಹಾಕು" ಎಂದದ್ದು ಕೇಳಿಸಿತು. ಒಮ್ಮೆ ನನಗೆ ಕೆಮ್ಮು ಹತ್ತಿದ್ದಾಗ, "ಕೆಮ್ಮೋ ಮಂದಿ ತಣ್ಣೀರು ಬಿಡಬೇಕಂತ ಹೇಳವ್ವಾ" ಎಂದರು. ಬಾಯವ್ವ ಸಿಡುಕಿ, "ನಾ ಏನ ಟಪಾಲ ಡಬ್ಬಿ ಏನ್ರಿ? ಇಬ್ಬರೂ ಅಷ್ಟ ಗಟ್ಟಿಯಾಗಿ ಒದರತೀರಿ, ಕಿತ್ತೂರ ತನಕ ಕೇಳತೈತಿ" ಎನ್ನುತ್ತಿದ್ದಳು. ಹೀಗೆ ಹತ್ತು ವರ್ಷ ಮಳೆ, ಬೆಳೆ, ಬಾಣಂತನ, ಹಲ್ಲುನೋವು ಎಲ್ಲವನ್ನೂ ಮಾತನಾಡಿದೆವು. ಆ ಲಗ್ನಪತ್ರಿಕೆಯ ಮಾತೊಂದನ್ನು ಮಾತ್ರ ನಾನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೆ ಹಾಕುತ್ತ ಬಂದೆ. ಕಟ್ಟೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ.

ಕಟ್ಟೆ ಹೋದದ್ದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತಾವು ಹಂಚಿದ ಪ್ರಶ್ನಾವಳಿಯಲ್ಲಿ 'ಕಟ್ಟೆಯ ಮೇಲೆ ಸಹ ಬಾಡಿಗೆದಾರರೊಂದಿಗೆ ದಿನಕ್ಕೆ ಎಷ್ಟು ಸಲ ಮುಖಾಮುಖಿ ಮಾತನಾಡುತ್ತೀರಿ?' ಎಂದು ಕೇಳಿದ್ದಿರಿ. ನಾನು ಪ್ರಾಮಾಣಿಕನಾಗಿ 'ಒಮ್ಮೆಯೂ ಇಲ್ಲ' ಎಂದು ಬರೆದೆ. ಅಣ್ಣನೂ ಹಾಗೆಯೇ ಬರೆದಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಈ ಸಂಕೀರ್ಣದಲ್ಲಿ ಉಳಿದ ಟೈಪಿಸ್ಟ್ ನಾನೊಬ್ಬನೇ ಆದ್ದರಿಂದ ಉತ್ತರಗಳನ್ನೆಲ್ಲ ಕ್ರೋಡೀಕರಿಸಿ ತಮಗೆ ಕಳಿಸಿದವನೂ ನಾನೇ. ಈ ಸಲ ಒಂದು ಸಾಲನ್ನೂ ಹಾರಲಿಲ್ಲ. ನಮ್ಮ ಆ ಎರಡು ಉತ್ತರಗಳನ್ನೇ ಆಧಾರವಾಗಿಟ್ಟುಕೊಂಡು ತಾವು ಕಟ್ಟೆ ನಿಷ್ಪ್ರಯೋಜಕವೆಂದು ತೀರ್ಮಾನಿಸಿದ್ದನ್ನು ಕಂಡು ನನ್ನ ಬೆರಳುಗಳ ಮೇಲೆ ನನಗೇ ಸಿಟ್ಟು ಬಂತು.

ಫೆಬ್ರುವರಿಯ ಉದ್ಘಾಟನೆಯ ದಿನ ತಮಗೆ ನೆನಪಿರಬಹುದು. ಹೊಸ ಬೆಂಚುಗಳ ಉಪಯೋಗವನ್ನು ಎಲ್ಲರಿಗೂ ತೋರಿಸಲು ತಾವು ಜನರ ನಡುವಿನಿಂದ ಇಬ್ಬರನ್ನು ಕೈಹಿಡಿದು ಕರೆದುಕೊಂಡು ಹೋಗಿ ಎದುರುಬದುರಾಗಿ ಕೂಡ್ರಿಸಿದಿರಿ. ಇಬ್ಬರೂ ಬಿಳಿ ಅಂಗಿಯವರು, ಒಂದೇ ಎತ್ತರದವರು ಎಂಬ ಕಾರಣಕ್ಕೆ ಇರಬೇಕು, ಇಪ್ಪತ್ನಾಲ್ಕು ಜನರಲ್ಲಿ ತಾವು ಆರಿಸಿದ್ದು ನನ್ನನ್ನು ಮತ್ತು ನನ್ನ ಅಣ್ಣನನ್ನು. ಉಳಿದವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ತಾವು ಅದನ್ನು ಮೆಚ್ಚುಗೆ ಎಂದು ತಿಳಿದಿರಿ. ಹನ್ನೊಂದು ವರ್ಷದ ಮೇಲೆ ನಾನು ಅಣ್ಣನ ಮುಖವನ್ನು ಒಂದು ಮೊಳದ ಅಂತರದಿಂದ ನೋಡಿದೆ. ಧ್ವನಿ ದಿನವೂ ಕೇಳುತ್ತಿದ್ದುದರಿಂದ ಅವರು ಮೊದಲಿನಂತೆಯೇ ಇದ್ದಾರೆಂದು ನಾನು ನಂಬಿದ್ದೆ. ಮೇಲಿನ ಹಲ್ಲುಗಳು ಹೋಗಿದ್ದವು, ಕೆನ್ನೆ ಒಳಗೆ ಸೇರಿತ್ತು, ಎಡಗಣ್ಣಿನಲ್ಲಿ ನೀರಾಡುತ್ತಿತ್ತು. ನಮ್ಮ ಅಪ್ಪ ಕೊನೆಯ ವರ್ಷ ಹಾಗೆಯೇ ಕಾಣುತ್ತಿದ್ದರು. ನನಗೆ ಅಳು ಬಂತು. ಅವರು ಒಮ್ಮೆ ನನ್ನ ಬಿಳಿಗೂದಲನ್ನು ನೋಡಿ, ಆಮೇಲೆ ದೂರದ ಗಿಡವನ್ನು ನೋಡುತ್ತ ಕುಳಿತರು. ತಾವು, "ಮಾತಾಡ್ರಿ, ಏನಾದ್ರೂ ಮಾತಾಡ್ರಿ" ಎಂದು ಚಪ್ಪಾಳೆ ತಟ್ಟಿದಿರಿ. ಛಾಯಾಗ್ರಾಹಕರು ಫೋಟೋ ತೆಗೆದರು. ಅದನ್ನು ತಾವು ಕಟ್ಟುಹಾಕಿಸಿ ಮುಕ್ತ ಸಂವಾದ ಕೊಠಡಿಯಲ್ಲಿ ತೂಗುಹಾಕಿದ್ದೀರಿ, ಚೆನ್ನಾಗಿಯೇ ಬಂದಿದೆ.

ಆ ದಿನದಿಂದ ಅಣ್ಣ ಅಂಗಳಕ್ಕೆ ಬರುವುದನ್ನು ಬಿಟ್ಟರು. ಚಹಾವನ್ನು ಕೋಣೆಗೇ ತರಿಸಿಕೊಳ್ಳುತ್ತಾರೆ, ಬಾಗಿಲು ಅರ್ಧ ಮುಚ್ಚಿರುತ್ತದೆ. ಎಲ್ಲ ಕಾಗದಗಳೂ ಕಂಪ್ಯೂಟರಿಗೆ ಹೋದ ಮೇಲೆ ತಮ್ಮ ಕೈಬರಹಕ್ಕೆ ಕೆಲಸವಿಲ್ಲವೆಂದು ಊರು ಬಿಡುವ ಸುದ್ದಿಯನ್ನು ಅವರು ಬಾಯವ್ವನಿಗೂ ಹೇಳಲಿಲ್ಲ. ಕೋಣೆ ಬಾಡಿಗೆಗಿದೆ ಎಂಬ ಚೀಟಿಯನ್ನು ನೋಡಿ ನಾನು ತಿಳಿದುಕೊಂಡೆ. ಒಂದು ಮಧ್ಯಾಹ್ನ ಅವರು ಮೇಲಿನ ಮಹಡಿಯಲ್ಲಿ ಗಾಜಿನ ಹೊರಗೆ ಹಾದುಹೋಗುತ್ತಿರುವುದನ್ನು ಕಂಡು, ಬೇರೆ ದಾರಿ ಕಾಣದೆ, ನಾನು ಗಾಜಿನ ಕೊಠಡಿಯೊಳಗೆ ನಿಂತು ಚಹಾ ಯಂತ್ರಕ್ಕೇ ಗಟ್ಟಿಯಾಗಿ ಹೇಳಲು ಶುರುಮಾಡಿದೆ. ಒಳಗಿನ ಶಬ್ದ ಹೊರಗೆ ಹೋಗದಂಥ ಗಾಜನ್ನು ತಾವು ಹಾಕಿಸಿದ್ದೀರೆಂಬುದು ಆಗ ಅನುಭವಕ್ಕೆ ಬಂತು. ಯಂತ್ರ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಬಿಸಿನೀರು ಕೊಟ್ಟಿತು.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಕೋರಿಕೆ ಇಷ್ಟು. ಎರಡರಲ್ಲಿ ಒಂದು ಬೆಂಚನ್ನು ಅಗೆದು ತಿರುಗಿಸಿ, ಬೆನ್ನಿಗೆ ಬೆನ್ನು ಬರುವಂತೆ ಹುಗಿಸಿಕೊಡಬೇಕು. ಸಿಮೆಂಟು ಗಟ್ಟಿಯಾಗಿರುವುದರಿಂದ ಅದು ಆಗದಿದ್ದರೆ, ಬೇವಿನ ಗಿಡವನ್ನೇ ಇಪ್ಪತ್ತು ಅಡಿ ಸರಿಸಿ ಬೆಂಚುಗಳ ನಡುವೆ ತಂದುಕೊಡಬೇಕು. ತಮ್ಮಂಥ ಪರಿಣತರಿಗೆ ಇದು ಎಡಗೈ ಕೆಲಸ. ಅದೂ ಆಗದೆಂದರೆ ಕಟ್ಟೆಯ ಹಳೆಯ ಕಲ್ಲುಗಳು ಹುಲ್ಲಿನ ಅಂಚಿಗೆ ಸುಣ್ಣ ಬಳಿಸಿಕೊಂಡು ಇನ್ನೂ ಇಲ್ಲಿಯೇ ಬಿದ್ದಿವೆ, ಅವುಗಳನ್ನು ಒಂದು ಸಂಜೆಯ ಮಟ್ಟಿಗೆ ಮೊದಲಿನಂತೆ ಜೋಡಿಸಿ ಮರುದಿನ ಕೆಡವಿಸಬಹುದು. ಯಾವುದಕ್ಕೂ ಸಮಿತಿಯ ಅನುಮತಿ ಸಿಗದಿದ್ದಲ್ಲಿ ತಾವೇ ಖುದ್ದಾಗಿ ಬಂದು, ನಮ್ಮಿಬ್ಬರ ನಡುವೆ ಒಂದು ತಾಸು ಅಲುಗಾಡದೆ, ತುಟಿ ಬಿಚ್ಚದೆ ನಿಂತರೆ ಸಾಕು. ತಮ್ಮ ಎತ್ತರ ಮತ್ತು ಸುತ್ತಳತೆಯನ್ನು ಉದ್ಘಾಟನೆಯ ದಿನ ನೋಡಿದ್ದೇನೆ. ಆ ಕೆಲಸಕ್ಕೆ ಹೇಳಿಮಾಡಿಸಿದಂತಿದೆ.

ಈ ಅನುಕೂಲ ಸಿಕ್ಕರೆ ನಾನು ಹೇಳಬೇಕಾಗಿರುವುದು ದೊಡ್ಡ ಭಾಷಣವೇನಲ್ಲ ಎಂಬುದನ್ನು ತಮ್ಮ ಮಾಹಿತಿಗಾಗಿ ತಿಳಿಸುತ್ತೇನೆ. ಹೆಸರು ಬಿಟ್ಟದ್ದು ನಾನು. ಅಚ್ಚಿನವರಲ್ಲ. ಬೇಕೆಂದು ಬಿಟ್ಟದ್ದಲ್ಲ, ಆದರೆ ಸುಳ್ಳು ಹೇಳಿದ್ದು ಬೇಕೆಂದೇ, ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಹೋಗಬಾರದೆಂದು ಅಣ್ಣನ ಮರ್ಯಾದೆ ತೆಗೆದೆ. ತಪ್ಪಾಯಿತು. ಇದನ್ನು ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ, ಬಹುಶಃ ಮುಖ ನೋಡಿ ಕೇಳುವ ತ್ರಾಣ ಅವರಿಗೂ ಇರಲಾರದು.

ತಮ್ಮ ಕಲೆ ಇನ್ನಷ್ಟು ಊರುಗಳ ಅಂಗಳಗಳಿಗೆ ಮುಟ್ಟುವ ಮೊದಲು ಈ ಪತ್ರ ತಮಗೆ ಮುಟ್ಟಲೆಂಬ ಆಶಯದೊಂದಿಗೆ,

ತಮ್ಮ ವಿಶ್ವಾಸಿ,
ಕಲ್ಮೇಶ ಚಚಡಿ
ಕೋಣೆ ಸಂಖ್ಯೆ ಹನ್ನೊಂದು

ತಾ.ಕ.: ಈ ಪತ್ರವನ್ನು ಮೂರು ಪ್ರತಿ ಟೈಪು ಮಾಡಿದ್ದೇನೆ. ಒಂದು ಸಮಿತಿಗೆ, ಒಂದು ತಮಗೆ. ಮೂರನೆಯದನ್ನು ಕೆಳಗೆ ಮೂರನೇ ಕೋಣೆಯ ಎದುರಿನ ಸೂಚನಾಫಲಕಕ್ಕೆ ಅಂಟಿಸುತ್ತೇನೆ. ಆ ಕೋಣೆಯವರಿಗೆ ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಬಿಡುವ ರೂಢಿಯಿಲ್ಲ. ತಾವು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ಹೊತ್ತು ತಾವು ಇಲ್ಲಿ ಬಾಯವ್ವನ ಕೆಲಸ ಮಾಡಿದಿರಿ, ಅದೂ ಚಹಾ ಕೊಡದೆ. ಇಪ್ಪತ್ತೆಂಟರ ಗುರುವಾರ ಸಂಜೆ ನಾಲ್ಕಕ್ಕೆ ನಾನು ಕೆಳಗಿನ ಮೆಟ್ಟಿಲ ಮೇಲೆ, ರಸ್ತೆಗೆ ಮುಖ ಮಾಡಿ ಕುಳಿತಿರುತ್ತೇನೆ. ಹಿಂದೆ ಬಂದು ಯಾರು ಕುಳಿತರೂ ತಿರುಗಿ ನೋಡುವುದಿಲ್ಲ.